ಡಬ್ಬಿಯಲ್ಲಿ ಬಂದ ಒಬ್ಬಟ್ಟು

ನೋಡ್ರಪ್ಪಾ, ಬೆಳಿಗ್ಗೆ ಪಕ್ಕದ ಮನೆ ಗೌರಿಗೆ ಮೊಳಕೆ ಹುರುಳಿಕಾಳಿನ ಉಸಲಿ ಕೊಟ್ಟಿದ್ದೆ. ಸಂಜೆ ನನ್ನ ಸ್ಟೀಲ್ ಡಬ್ಬಿ ವಾಪಸ್ ಬಂತು. ಮುಚ್ಚಳ ತೆಗೆದರೆ ಒಳಗೆ ಕಾಯಿ ಒಬ್ಬಟ್ಟು, ಮೇಲೆ ತುಪ್ಪ.

ನಮ್ಮಿಬ್ಬರಿಗೂ ಸಕ್ಕರೆ ಕಾಯಿಲೆ. ಸೋಮವಾರದ ರಕ್ತಪರೀಕ್ಷೆಯಲ್ಲಿ ಸಕ್ಕರೆ ಇಳಿಯದಿದ್ದರೆ ದಿನಾ ಇಂಜೆಕ್ಷನ್ ಎಂದು ಡಾಕ್ಟರು ಹೆದರಿಸಿದ್ದಾರೆ. ಅದಕ್ಕೇ ಒಬ್ಬರಿಗೊಬ್ಬರು ಕಾವಲಿರೋಣ ಎಂದು ಮಾತಾಡಿಕೊಂಡಿದ್ದೆವು. ಒಂದು ತಿಂಗಳಿಂದ ಮೂಡಲಪಾಳ್ಯದ ಪಾರ್ಕಿನಲ್ಲಿ ದಿನಾ ಐದು ಸುತ್ತು, ಸಿಹಿ ಬಂದ್.

ಡಬ್ಬಿ ಹಿಡಿದು ನೇರವಾಗಿ ಅವಳ ಬಾಗಿಲಿಗೇ ಹೋದೆ.

"ಏನೇ ಗೌರಿ, ನನ್ನ ಸಾಯ್ಸೋಕೆ ಒಬ್ಬಟ್ಟು ಸಾಲ್ದು ಅಂತ ತುಪ್ಪ ಬೇರೆ ಹಾಕಿದೀಯ?"

"ಖಾಲಿ ಡಬ್ಬಿ ಹೆಂಗಕ್ಕ ವಾಪಸ್ ಕೊಡ್ಲಿ? ಮೊಮ್ಮಗಳ ಹುಟ್ಟಿದಬ್ಬ ಅಂತ ಸೊಸೆ ಮಾಡಿದ್ಲು, ಅದನ್ನೇ ಹಾಕ್ದೆ. ನಾನಂತೂ ಮುಟ್ಟಿಲ್ಲ, ನಿಮ್ಮಾಣೆ."

"ಎರಡು ಸೌತೆಕಾಯಿ ಹಾಕೋಕೆ ನಿನ್ನ ಕೈಗೇನಾಗಿತ್ತು?"

ಗೌರಿ ಡಬ್ಬಿಯೊಳಗೆ ಬಗ್ಗಿ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಅಕ್ಕ, ನಾನು ಮೂರು ಹಾಕಿದ್ದೆ. ಇಲ್ಲಿ ಎರಡೇ ಇದೆ."

ನಾನು ಮೆಲ್ಲಗೆ ತುಟಿಯ ತುಪ್ಪ ಒರೆಸಿಕೊಂಡೆ.

"ಚಪ್ಪಲಿ ಹಾಕ್ಕೊಳ್ಳಿ, ನಡೀರಿ" ಎಂದು ಗೌರಿ ತಾನೂ ಹೊರಟಳು. ತಿಂದವಳು ನಾನು, ಆದರೂ ಅವಳು ತನ್ನ ಮಂಡಿನೋವಿನಲ್ಲೇ ನನ್ನ ಜೊತೆ ಪಾರ್ಕಿನಲ್ಲಿ ಮೂರು ಸುತ್ತು ಹೆಚ್ಚಿಗೆ ಹಾಕಿದಳು. ದಾರಿಯುದ್ದಕ್ಕೂ ನಕ್ಕಳು. ಕೊನೆಗೆ ನನಗೂ ನಗು ಬಂತು.

ಇನ್ನು ಮೇಲೆ ಡಬ್ಬಿಗೆ ಸೌತೆಕಾಯಿಯೇ ಎಂದು ತೀರ್ಮಾನವಾಗಿದೆ. ನೀವೂ ಯಾರನ್ನಾದರೂ ಕಾವಲಿಗೆ ಇಟ್ಟುಕೊಳ್ಳಿ, ಒಳ್ಳೆಯದು. ಲೆಕ್ಕ ಬರದವರನ್ನು ನೋಡಿ ಇಟ್ಟುಕೊಳ್ಳಿ.