ಹೂವಿನ ತಾರೀಖು ಮತ್ತು ಹನ್ನೊಂದು ಹುಲಿಗಳು

ಬಸ್ ಡಿಪೋಗಳಲ್ಲಿ ವೇಳೆ ಬರೆದಿಡುವವರು ಅನೇಕರಿದ್ದಾರೆ. ಆದರೆ ಬಸ್ಸಿನ ವೇಳೆಯ ಜೊತೆಗೆ ಹೂವಿನ ವೇಳೆಯನ್ನೂ ಬರೆದಿಟ್ಟವರು, ನಾವು ಬಲ್ಲಂತೆ, ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಟೈಮ್‌ಕೀಪರ್ ಅಮ್ಮನವರೊಬ್ಬರೇ. ಕೆಲಸಕ್ಕೆ ಸೇರಿದ ವರ್ಷವೇ ಅವರು ತಮ್ಮ ಕಿಟಕಿಯ ಪಕ್ಕ ಒಂದು ಉದ್ದನೆಯ ಪುಸ್ತಕ ತೂಗುಹಾಕಿ, ದಾರಿಯಲ್ಲಿ ಕಂಡ ಹೂವು, ಹಕ್ಕಿ, ಪ್ರಾಣಿಗಳನ್ನು ತಾರೀಖು ಸಹಿತ ಬರೆಯಬೇಕೆಂದು ಚಾಲಕರಿಗೆ ಹೇಳಿದರು. ಇಪ್ಪತ್ತೆರಡು ವರ್ಷ ಅವರಿಗೆ ತಲೆಚಿಟ್ಟು ಹಿಡಿಸಿದ್ದು ಆ ಪುಸ್ತಕವೇ. ಕೆರೆ ತಿರುವಿನ ಇಕ್ಕೆಲದಲ್ಲಿ ಮುಟ್ಟಿದರೆ ಮುನಿ ಹೂಬಿಟ್ಟು ನೆಲವೆಲ್ಲ ಗುಲಾಬಿ ಬಣ್ಣವಾದರೂ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಎಲ್ಲರಿಗೂ ಕಾಣುತ್ತಿದ್ದುದು ಹುಲಿ. ಹೂವಿನ ತಾರೀಖಿಗಾಗಿ ಅಮ್ಮನವರೇ ರಜೆಯ ದಿನ ಬಸ್ಸು ಹತ್ತಬೇಕಾಯಿತು. ಹಾಗೆ ವರ್ಷವರ್ಷವೂ ನೋಡಿ ಅವರು ಕಂಡುಕೊಂಡದ್ದು ಇಷ್ಟು: ಆ ಹೂವು ಅರಳಿದ ವಾರದೊಳಗೆ ಜಿಂಕೆಗಳು ಮರಿಗಳೊಡನೆ ಅಲ್ಲೇ ರಸ್ತೆ ದಾಟುತ್ತವೆ.

ಕಳೆದ ವರ್ಷ ನಮ್ಮದೇ ಬಸ್ಸಿಗೆ ಸಿಕ್ಕಿ ಮೂರು ಮರಿಗಳು ಸತ್ತವು. ಹೂವಿನ ಕಾಲದ ಮೂರು ವಾರ ಆ ತಿರುವಿನಲ್ಲಿ ನಿಧಾನವಾಗಿ ಹೋಗಲು ಐದು ನಿಮಿಷ ಹೆಚ್ಚು ಕೊಡಿ ಎಂದು ಅಮ್ಮನವರು ಪುಸ್ತಕ ಹಿಡಿದು ಮ್ಯಾನೇಜರರ ಬಳಿ ಹೋದರು.

ಮ್ಯಾನೇಜರ್ ಪುಟ ತಿರುವಿ ನಕ್ಕರು. “ಇದರ ಪ್ರಕಾರ ನಮ್ಮ ದಾರೀಲಿ ಹನ್ನೊಂದು ಹುಲಿ ಇವೆ. ಜಿಂಕೆ ಇನ್ನೂ ಹೇಗಮ್ಮ ಉಳಿದಿವೆ?”

ಅಮ್ಮನವರಿಗೆ ಮೈಯೆಲ್ಲ ಉರಿಯಿತು. ಹೊರಬಂದವರೇ ಹುಲಿ ಬರೆದವರನ್ನೆಲ್ಲ ಕರೆಸಿ, ಕೆಂಪು ಪೆನ್ನನ್ನು ಮುಂದಿಟ್ಟರು.

“ಅಮ್ಮಾ, ಈ ಹುಲಿ ಕಥೆ ಹೇಳೇ ನಾನು ಹೆಣ್ಣಿನ ಮನೆಯವರನ್ನ ಒಪ್ಪಿಸಿದ್ದು,” ಎಂದು ಮೀಸೆ ಡ್ರೈವರ್ ಗೋಗರೆದರು.

“ಮದುವೆ ಹಾಗೇ ಇರ್ಲಿ, ಹುಲಿ ಹೊಡೆದುಹಾಕಿ ರುಜು ಮಾಡಿ. ನಾಯಿಗೆ ಪಟ್ಟೆ ಬರೆದೋರು ನೀವೇ ತಾನೇ?”

ಒಬ್ಬೊಬ್ಬರೂ ಗೀಟೆಳೆದು ರುಜು ಹಾಕಿದರು. ಆಮೇಲೆ ಅಮ್ಮನವರು ತಾವೇ ಪೆನ್ನು ತೆಗೆದುಕೊಂಡು, ಹಿಂದೊಂದು ವರ್ಷ ಜ್ವರದಲ್ಲಿ ಮಲಗಿದ್ದಾಗ ಅಂದಾಜಿನ ಮೇಲೆ ಬರೆದಿದ್ದ ಹೂವಿನ ತಾರೀಖೊಂದನ್ನು ಎಲ್ಲರೆದುರೇ ಹೊಡೆದುಹಾಕಿದರು. ಹಾಗೆ ಮಾಡಿರೆಂದು ಅವರನ್ನು ಯಾರೂ ಕೇಳಿರಲಿಲ್ಲ. ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮ್ಯಾನೇಜರ್ ಪುಸ್ತಕವನ್ನು ಒಳಗೊಯ್ದರು. ಉಳಿದ ತಾರೀಖುಗಳನ್ನು ಓದಿ ಸಂಜೆಯೊಳಗೆ ಒಪ್ಪಿಗೆ ಕೊಟ್ಟರು.

ಎರಡು ನಿಮಿಷ ತಡವಾದರೂ ಚಾಲಕರ ಜನ್ಮ ಜಾಲಾಡುತ್ತಿದ್ದ ಅಮ್ಮನವರು ಈ ವರ್ಷ ತಮ್ಮ ಕೈಯಾರೆ ವೇಳಾಪಟ್ಟಿಗೆ ಐದು ನಿಮಿಷ ಸೇರಿಸಿದರು. ಹೂವು ಅರಳಿ ಉದುರಿತು. ತಿರುವಿನಲ್ಲಿ ಒಂದು ಮರಿಯೂ ಸಾಯಲಿಲ್ಲ.

ಅವರಿಗೆ ದೀರ್ಘಾಯುಸ್ಸೂ ಬಸ್ಸು ಹತ್ತುವಷ್ಟು ಕಾಲಿನ ಬಲವೂ ಇರಲಿ. ಮುಂದಿನ ಹೂವಿನ ತಾರೀಖನ್ನೂ ಅವರೇ ಬಂದು ಬರೆಯಲಿ. ಬರೆಯುವ ಮುನ್ನ ನಮ್ಮನ್ನೆಲ್ಲ ಮನಸಾರೆ ಬೈಯಲಿ.