ನೋಣಯ್ಯ ಮಾವನ ದ್ವೇಷಶಾಸ್ತ್ರ

ನನ್ನ ಸೋದರಮಾವ ನೋಣಯ್ಯನವರಿಗೆ ಮುರಿದ ಛತ್ರಿ ಸರಿಮಾಡಲು ಬರುತ್ತಿತ್ತು, ಬಾಯಿ ಮುಚ್ಚಿಕೊಂಡಿರಲು ಮಾತ್ರ ಬರುತ್ತಿರಲಿಲ್ಲ. ಹಂಪನಕಟ್ಟೆಯ ಅವರ ಅಂಗಡಿಗೆ ಛತ್ರಿ ತಂದವರು ಚರಿತ್ರೆ ಕೇಳದೆ ವಾಪಸು ಹೋದದ್ದೇ ಇಲ್ಲ. ಲೋಕದ ದೊಡ್ಡ ದೊಡ್ಡ ದ್ವೇಷಗಳೆಲ್ಲ ಯಾವುದೋ ಸ್ವಂತ ನೋವಿನಿಂದ ಹುಟ್ಟಿದವು ಎಂಬುದು ಅವರ ಸಿದ್ಧಾಂತ. ತೈಮೂರನ ಕಾಲು ಕುಂಟು, ಹಾಗಾಗಿ ನೆಟ್ಟಗೆ ನಡೆಯುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲವಂತೆ. ಔರಂಗಜೇಬನ ಅಪ್ಪನಿಗೆ ಹಿರಿಯ ಮಗನ ಮೇಲೆಯೇ ಪ್ರೀತಿಯಂತೆ. ಹಿಟ್ಲರನನ್ನು ಚಿತ್ರಕಲೆಯ ಶಾಲೆಗೆ ಸೇರಿಸಿಕೊಳ್ಳಲಿಲ್ಲವಂತೆ, ಅಲ್ಲಿಂದ ಶುರುವಂತೆ.

"ಶಾಲೆಗೆ ಸೇರಲು ಆಗದವರು ಬೇಕಾದಷ್ಟು ಜನ ಇರ್ತಾರೆ ಮಾರಾಯ, ಎಲ್ಲರೂ ಊರು ಸುಡ್ತಾರಾ?" ಎಂದು ಪಕ್ಕದ ಅಂಗಡಿಯ ದರ್ಜಿ ಆಂಬ್ರೋಸ್ ಕೇಳುತ್ತಿದ್ದರು. "ನಿನಗೆ ಮನುಷ್ಯರ ಎದೆಯ ಅಳತೆ ಗೊತ್ತು, ಎದೆಯೊಳಗೆ ಎಂತ ಉಂಟು ಅಂತ ಗೊತ್ತಿಲ್ಲ" ಎಂದು ಮಾವ ಅವರ ಬಾಯಿ ಮುಚ್ಚಿಸುತ್ತಿದ್ದರು.

ಇಷ್ಟೆಲ್ಲ ತಿಳಿದ ಈ ಮನುಷ್ಯ ಕರಾವಳಿಯ ಮುಸಲ್ಮಾನರಾದ ಬ್ಯಾರಿಗಳ ಹೆಸರೆತ್ತಿದರೆ ಸಾಕು, ಉರಿದು ಬೀಳುತ್ತಿದ್ದರು. ನಾನು ತೊಟ್ಟಿಲಲ್ಲಿದ್ದಾಗ ನೇತ್ರಾವತಿಯಲ್ಲಿ ದೋಣಿ ಮಗುಚಿ ನನ್ನ ಅಪ್ಪ ತೀರಿಕೊಂಡಿದ್ದರು. ದೋಣಿ ನಡೆಸುತ್ತಿದ್ದವನು ಆಚೆ ದಡದ ಬ್ಯಾರಿ. ಅಂದಿನಿಂದ ಮಾವನ ಪಾಲಿಗೆ ಆ ಜಾತಿಯೇ ಕೊಲೆಗಡುಕರದ್ದು.

"ಹಾಗಾದರೆ ನೀವೂ ತೈಮೂರನ ಹಾಗೆಯೇ ಅಲ್ಲವಾ ಮಾವ?" ಎಂದು ಒಮ್ಮೆ ಕೇಳಿದೆ.

"ಅದು ಬೇರೆ, ಇದು ಬೇರೆ. ನೋಡು ಬಾಗಿ, ನಾನು ಕಣ್ಣಾರೆ ಕಂಡಿದ್ದೇನೆ."

ತಲೆ ಚಚ್ಚಿಕೊಳ್ಳಬೇಕು ಅನಿಸಿತು.

ಹಿಟ್ಲರನ ಯುದ್ಧ ಶುರುವಾದ ವರ್ಷ, ಮಳೆಗಾಲ ಮುಗಿದ ಮೇಲೆ, ನನಗೆ ಹೊಳೆಯಾಚೆಯ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತು. ಸೋಮವಾರ ಹಾಜರಾಗದಿದ್ದರೆ ಬೇರೆಯವರಿಗೆ ಕೊಡುತ್ತಿದ್ದರು. ಬೋಳಾರದ ನಮ್ಮ ಮನೆಯಿಂದ ದಿನಾ ಹೋಗಿಬರಲು ದೋಣಿಯೊಂದೇ ದಾರಿ, ದೋಣಿಗಳೆಲ್ಲ ಬ್ಯಾರಿಗಳವು. ನಮ್ಮದು ಅಳಿಯಕಟ್ಟಿನ ಮನೆ, ಅಮ್ಮನ ಅಣ್ಣನೇ ಯಜಮಾನ.

"ಕೆಲಸಕ್ಕೆ ಹೋಗು, ಬೇಡ ಅನ್ನುವುದಿಲ್ಲ. ಅವರ ದೋಣಿಗೆ ಮಾತ್ರ ಕಾಲಿಡಬಾರದು" ಎಂದರು ಮಾವ.

"ಮತ್ತೆ ಹಾರಿಕೊಂಡು ಹೋಗಲಾ?"

ಸೋಮವಾರ ಬೆಳಿಗ್ಗೆ ಸೀರೆ ಉಟ್ಟು ಹೊರಟರೆ, ಅಂಗಡಿಗೂ ಹೋಗದೆ ಜಗಲಿಯ ಮೆಟ್ಟಿಲಿಗೆ ಅಡ್ಡಲಾಗಿ ಕೂತಿದ್ದಾರೆ! ಅಷ್ಟರಲ್ಲಿ ಅಂಗಳಕ್ಕೆ ಬೀಫಾತಿಮ್ಮ ಬಂದಳು. ಮುಳುಗಿದ ದೋಣಿಯವನ ಹೆಂಡತಿ ಅವಳು. ಮಾವ ಇಲ್ಲದ ಹೊತ್ತು ನೋಡಿ ಹಿತ್ತಿಲ ಬಾಗಿಲಿಗೆ ಬಂದು ಅಮ್ಮನಿಗೆ ಸಾರಿಗೆ ಹಾಕುವ ಮರುವಾಯಿ ಚಿಪ್ಪು ಮಾರುತ್ತಿದ್ದಳು. ಈಗ ದೋಣಿ ಅವಳ ಮಗನದು.

"ದೋಣಿ ಬಿಡ್ತದೆ, ಬಾಗಿ ಬರ್ತಾಳಾ?"

"ನನ್ನ ಭಾವನನ್ನು ತಿಂದವರು ಈಗ ಅವನ ಮಗಳನ್ನು ಕರೆಯಲಿಕ್ಕೆ ಬಂದಿರಾ?" ಎಂದು ಮಾವ ಕೂಗಿದರು.

ನನ್ನ ಅಮ್ಮ ದೇಯಿ ಅಣ್ಣನಿಗೆ ಎದುರಾಡಿದ್ದನ್ನು ನಾನು ಕಂಡವಳಲ್ಲ. ಅವತ್ತು ಒದ್ದೆ ಕೈಯಲ್ಲೇ ಹೊರಗೆ ಬಂದರು.

"ಅಣ್ಣ, ಆ ದೋಣಿಯಲ್ಲಿ ಇವಳ ಗಂಡನೂ ಸತ್ತ. ಗಾಳಿ ಜೋರುಂಟು, ಇವತ್ತು ಬೇಡ ಅಂತ ಹೇಳಿದವನೂ ಅವನೇ. ಆಚೆ ದಡದ ಕೋಳಿ ಅಂಕದ ಜೂಜಿಗೆ ನಿಮ್ಮ ಹುಂಜ ಮುಟ್ಟಲೇಬೇಕು ಅಂತ ಹಟ ಹಿಡಿದು ನನ್ನ ಗಂಡನನ್ನು ದೋಣಿ ಹತ್ತಿಸಿದ್ದು ಯಾರು?"

ಮಾವ ಬೀಫಾತಿಮ್ಮನ ಕಡೆ ತಿರುಗಿದರು.

"ದಡದಲ್ಲಿ ನಿಂತು ಎಲ್ಲ ಕೇಳಿದವಳು ಬೀಫಾತಿಮ್ಮ. ಅವತ್ತೇ ನನಗೆ ಹೇಳಿದ್ದಾಳೆ."

"ಗೊತ್ತಿದ್ದೂ ನೀನು ಇಷ್ಟು ವರ್ಷ..."

"ಗೊತ್ತಿದ್ದೇ ನಿಮಗೆ ದಿನಾ ಅನ್ನ ಬಡಿಸಿದ್ದೇನೆ. ಮೆಟ್ಟಿಲು ಬಿಡಿ, ಮಗಳಿಗೆ ಹೊತ್ತಾಯಿತು."

ಮಾವ ಎದ್ದು ದಾರಿ ಬಿಟ್ಟರು. ದೋಣಿಯಲ್ಲಿ ಕೂತ ನನಗೆ ಮಾವನಿಗಿಂತ ಅಮ್ಮನ ಮೇಲೆಯೇ ಸಿಟ್ಟು. ಈ ಮಾತನ್ನು ಇಷ್ಟು ಕಾಲ ನುಂಗಿಕೊಂಡು ಕೂರಬೇಕಿತ್ತಾ? ತೈಮೂರನ ಕಾಲಿನ ಕಥೆಯನ್ನು ನಾವು ಎಷ್ಟು ಸಲ ಕೇಳಬೇಕಾಯಿತು!

ಸಂಜೆ ದೋಣಿ ಬೋಳಾರದ ದಡ ಮುಟ್ಟಿದಾಗ ಮಾವ ನೀರಂಚಿನಲ್ಲಿ ನಿಂತಿದ್ದರು. ನನ್ನನ್ನು ನೋಡಲೂ ಇಲ್ಲ, ನೇರ ಬೀಫಾತಿಮ್ಮನ ಮಗನ ಹತ್ತಿರ ಹೋದರು.

"ನಿನ್ನಪ್ಪ ಬೇಡ ಅಂದಿದ್ದ. ನಾನು ಕೇಳಲಿಲ್ಲ."

ಅವನು ಹುಟ್ಟನ್ನು ದೋಣಿಯೊಳಗೆ ಎಳೆದುಕೊಂಡ.

"ಗೊತ್ತುಂಟು, ಉಮ್ಮ ಹೇಳಿದ್ದಾರೆ" ಎಂದ. "ನಾಳೆ ಟೀಚರನ್ನು ಸ್ವಲ್ಪ ಬೇಗ ಕಳಿಸಿ."