ನಮ್ಮವರಲ್ಲಿ ಬಡವರಿಲ್ಲ

ಲಂಡನ್ನಿನಲ್ಲಿ ಡಾಕ್ಟರ್ ಬಂದರೆ ನಮ್ಮ ಮಂದಿ ಎದ್ದು ನಿಂತು ಕುರ್ಚಿ ಬಿಡುತ್ತಾರೆ. ನಾನು ಬಿಟ್ಟವನಲ್ಲ. ಹಾಗಾಗಿ ರತ್ನಾಬಾಯಿಯ ಬದುಕನ್ನು ನಾನೇ ಬರೆಯಬೇಕಾಯಿತು. ಬೇರೆಯವರ ಕೈಗೆ ಸಿಕ್ಕರೆ ಡಾಕ್ಟರ್ ಪಾಂಡುರಂಗ ಇದರಲ್ಲಿ ಧರ್ಮಾತ್ಮನಾಗಿಬಿಡುತ್ತಾನೆ.

ರತ್ನಾಬಾಯಿ ಧಾರವಾಡದ ವಿಧವೆ, ಪಾಂಡುರಂಗನ ತಾಯಿಗೆ ದೂರದ ತಂಗಿ, ಅವನಿಗೆ ಮೌಶಿ, ಅಂದರೆ ಚಿಕ್ಕಮ್ಮ. ೧೯೯೨ರಲ್ಲಿ ಅವನು ಹೆಂಡತಿ ಮೀರಾಳೊಂದಿಗೆ ಲಂಡನ್ನಿನ ಎಜ್‌ವೇರಿಗೆ ಬರುವಾಗ ಮಕ್ಕಳನ್ನು ನೋಡಿಕೊಳ್ಳಲು ಕರೆತಂದ. ಕೆಲವು ವರ್ಷಕ್ಕೆ ಇಲ್ಲಿ ನೆಲೆಸುವ ಪರವಾನಗಿಯೂ ಆಕೆಗೆ ಸಿಕ್ಕಿತು. ಸಂಬಳ ಮಾತ್ರ ಸಿಗಲಿಲ್ಲ. ಕೇಳಿದವರಿಗೆ ಪಾಂಡುರಂಗ, "ಮೌಶಿ ನಮ್ಮ ಮನೀ ಮಂದಿ, ಆಳೇನು?" ಎನ್ನುತ್ತಿದ್ದ. ಹಬ್ಬಕ್ಕೊಂದು ಸೀರೆ, ಕೈಖರ್ಚಿಗೆ ಚಿಲ್ಲರೆ, ಇಷ್ಟೇ.

ಮನೆಯಲ್ಲೇ ಡಾಕ್ಟರ್ ಇರುವಾಗ ಆಕೆಗೆ ಬೇರೆ ಡಾಕ್ಟರ್ ಏಕೆ? ಹೀಗಾಗಿ ಇಲ್ಲಿ ಎಲ್ಲರನ್ನೂ ಪುಕ್ಕಟೆ ನೋಡುವ ಬಡಾವಣೆಯ ಡಾಕ್ಟರು, ಅಂದರೆ ಜಿಪಿ, ಅಂಥ ಯಾರ ಬಳಿಯೂ ಆಕೆಯ ಹೆಸರು ಬರೆಸಲಿಲ್ಲ. ಪಾಂಡುರಂಗ ಆಪರೇಷನ್ನಿಗೆ ಮುಂಚೆ ಮಂದಿಯನ್ನು ಮಲಗಿಸುವ ಡಾಕ್ಟರ್. ಮನೆಯಲ್ಲೂ ಅದೇ ಕೆಲಸ ಮಾಡಿದ. ಕಾಲು ಉರಿ ಎಂದರೆ ಒಂದು ಗುಳಿಗೆ, ಕಣ್ಣು ಮಂಜು ಎಂದರೆ ಒಂದು ಹನಿ. ಮೀರಾಳ ಕಣ್ಣು ಕೆಂಪಾದಾಗ ಮಾತ್ರ ಮರುದಿನವೇ ಕಣ್ಣಿನ ಆಸ್ಪತ್ರೆಗೆ ಕಾರು ಓಡಿತು.

೨೦೦೩ರ ಯುಗಾದಿಗೆ ಪಕ್ಕದ ಕ್ವೀನ್ಸ್‌ಬರಿಯ ಒಂದು ಹಾಲ್‌ನಲ್ಲಿ ನಮ್ಮ ಮಂದಿಯ ಊಟ. ಉದ್ದ ಮೇಜಿನ ಮೇಲೆ ಬಾಳೆ ಎಲೆ, ಬಡಿಸಲು ರತ್ನಾಬಾಯಿ. ಆ ದಿನ ಕೌನ್ಸಿಲ್‌ನಿಂದ, ಅಂದರೆ ಇಲ್ಲಿನ ನಗರಸಭೆಯಿಂದ, ಒಬ್ಬ ಹೆಂಗಸು ಬಂದಿದ್ದಳು. ಕಡಿಮೆ ಆದಾಯದವರಿಗೆ ಔಷಧಿ, ಹಲ್ಲು, ಕನ್ನಡಕಕ್ಕೆ ದುಡ್ಡು ಕೊಡಬೇಕಿಲ್ಲ, ಅಂಥವರು ಎಷ್ಟೋ ಜನ ಈ ಸೌಲಭ್ಯದ ಹೊರಗೇ ಉಳಿದಿದ್ದಾರೆ, ನಿಮ್ಮಲ್ಲಿ ಯಾರಿದ್ದಾರೆ ಎಂದು ಕೇಳಿದಳು.

ಪಾಂಡುರಂಗ ಎದ್ದು ಇಂಗ್ಲಿಷಿನಲ್ಲಿ ಅವಳನ್ನು ಸಾಗಹಾಕಿದ. ಕುಳಿತ ಮೇಲೆ ನಮ್ಮ ಕಡೆ ತಿರುಗಿ ಕನ್ನಡಕ್ಕೆ ಬಂದ.

"ನಮ್ಮವರೊಳಗ ಬಡವರಿಲ್ಲ ಅಂದೆ. ನಾವು ದುಡದು ತೆರಿಗಿ ಕಟ್ಟೋದು, ಪುಕ್ಕಟ ಮಂದಿ ಬಂದು ಉಂಡು ಹೋಗೋದು. ಇದನ್ನ ಇನ್ನೂ ಬೆಳಸ್ತಾರಂತ."

ಸುತ್ತಲಿನ ತಲೆಗಳು ಹೂಂ ಎಂದು ಆಡಿದವು. ಆ ತಲೆಗಳಿಗೆ ಬೇರೆ ಕೆಲಸವಿರಲಿಲ್ಲ.

ರತ್ನಾಬಾಯಿ ತುಪ್ಪದ ಗಿಂಡಿ ಹಿಡಿದು ಅವನ ಬಳಿ ಬಂದಿದ್ದಳು. ಬಗ್ಗಿ ಬಡಿಸಿದಳು. ತುಪ್ಪ ಹೋಳಿಗೆಯ ಮೇಲೆ ಬೀಳದೆ ಎಲೆಯಾಚೆ ಮೇಜಿನ ಮೇಲೆ ಹರಿದು ಅವನ ರೇಷ್ಮೆ ಜುಬ್ಬಕ್ಕೆ ಇಳಿಯಿತು.

"ಮೌಶಿ, ಕಣ್ಣು ಕಾಣಸೂದಿಲ್ಲೇನು?"

"ಇಲ್ಲಪಾ. ವರ್ಷಾತು, ನಿನಗ ಹೇಳಾಕತ್ತಿ." ಆಕೆ ಗಿಂಡಿಯನ್ನು ಮೇಜಿನ ಮೇಲಿಟ್ಟಳು. "ನಮ್ಮವರೊಳಗ ಬಡವರಿಲ್ಲ ಅಂದಿ. ಹಂಗಾರ ನಾ ಯಾರು, ಪಾಂಡು?"

"ನೀ ನಮ್ಮ ಮನೀ ಮಂದಿ."

"ಮೀರಾನ ಕಣ್ಣಿಗೆ ದವಾಖಾನಿ, ನನ್ನ ಕಣ್ಣಿಗೆ ಹನಿ. ಛಲೋ ಮನೀ ಮಂದಿ ಆದೆ ಬಿಡು."

ಮೀರಾ ಕರವಸ್ತ್ರದಿಂದ ಗಂಡನ ಜುಬ್ಬ ಒರೆಸುತ್ತ, "ಮಂದಿ ಮುಂದ ಇದೆಲ್ಲಾ ಯಾಕ, ಮೌಶಿ?" ಎಂದಳು.

"ಮಂದಿ ಮುಂದನ ಅಂವಾ ಹೇಳಿದ್ನಲ್ಲವಾ," ಎಂದು ರತ್ನಾಬಾಯಿ ಬಾಗಿಲ ಕಡೆ ಹೊರಟಳು. ದಾರಿಗೆ ಅಡ್ಡವಿದ್ದ ಕುರ್ಚಿ ಎಡವಿದಳು. ನನ್ನ ಹೆಂಡತಿ ವಿಶಾಲಾಕ್ಷಿ ಉಣ್ಣುತ್ತಿದ್ದ ಎಲೆ ಬಿಟ್ಟು ಎದ್ದು, ಆಕೆಯ ತೋಳು ಹಿಡಿದು ಹೊರಗೆ ಓಡಿದಳು. ಹೋಗುತ್ತಿದ್ದ ಕೌನ್ಸಿಲ್ ಹೆಂಗಸನ್ನು ರಸ್ತೆಯಲ್ಲೇ ನಿಲ್ಲಿಸಿದರು.

ಆ ವಾರವೇ ಜಿಪಿಯ ಬಳಿ ಹೆಸರು ಬರೆಸಿದ್ದಾಯಿತು. ರಕ್ತದಲ್ಲಿ ಸಕ್ಕರೆ ಮಿತಿಮೀರಿತ್ತು. ಇಷ್ಟು ವರ್ಷ ಡಾಕ್ಟರ ಮನೆಯಲ್ಲಿದ್ದೂ ಒಂದು ಹನಿ ರಕ್ತ ಯಾರೂ ನೋಡಿರಲಿಲ್ಲ. ಬಲಗಣ್ಣು ಹೋಯಿತು, ತಡವಾಯಿತು ಎಂದರು ಆಸ್ಪತ್ರೆಯವರು. ಎಡಗಣ್ಣಿಗೆ ಲೇಸರ್ ಕೊಟ್ಟು ಉಳಿಸಿದರು. ರತ್ನಾಬಾಯಿ ಎಜ್‌ವೇರಿನ ಆ ಮನೆಗೆ ತಿರುಗಿ ಹೋಗಲಿಲ್ಲ. ಮೊದಲು ನಮ್ಮಲ್ಲಿದ್ದಳು, ಆಮೇಲೆ ಕೌನ್ಸಿಲ್ ಕೊಟ್ಟ ಕೋಣೆಯಲ್ಲಿ.

ಪಾಂಡುರಂಗ ಊರೆಲ್ಲ ಹೇಳಿಕೊಂಡು ತಿರುಗಿದ, "ಮೌಶೀದು ಕಣ್ಣು ಮಾಡಿಸಿಕೊಟ್ವಿ" ಎಂದು. ನಾಲಿಗೆಗೆ ನಾಚಿಕೆ ಎಂಬುದು ಇರಬೇಕು.

ಮರುವರ್ಷದ ಯುಗಾದಿಗೆ ಆಕೆ ಅಡುಗೆಮನೆಯ ಕಡೆ ಹೋಗದೆ ಪಂಕ್ತಿಯಲ್ಲಿ ಕುಳಿತಳು. ಮಂದಿ ಮೆಚ್ಚಲೆಂದು ಪಾಂಡುರಂಗ ಗಿಂಡಿ ಹಿಡಿದು ಬಡಿಸಲು ಬಂದ. ಆಕೆಯ ಮುಂದೆ ನಿಂತು, ಎಲೆ ನೋಡದೆ ಸುತ್ತಲಿನ ಮಂದಿಯನ್ನು ನೋಡುತ್ತ ಗಿಂಡಿ ಬಗ್ಗಿಸಿದ.

"ಎಲಿ ಮ್ಯಾಲ ಹಾಕು, ಪಾಂಡು," ಎಂದಳು. "ನನಗೀಗ ಕಾಣಸ್ತದ."